ನನ್ನನ್ನೂ ಔಟ್ ಮಾಡಿ

ಶಾಲೆ ಬಿಟ್ಟ ಮೇಲೆ ಆ ಬೀದಿಯ ಮಕ್ಕಳೆಲ್ಲ ಚೀಲ ಎಸೆದು ಆಟಕ್ಕೆ ಓಡುತ್ತಿದ್ದರು. ಬೇಕರಿಯವರ ಮಗಳು ಮಾತ್ರ ಬಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇರುತ್ತಿದ್ದಳು. ಗಾಜಿನ ಕಪಾಟಿನ ಮೇಲಿಂದ ಅವಳಿಗೆ ಬೀದಿ ಅರ್ಧ ಕಾಣುತ್ತಿತ್ತು. ಚೆಂಡು ಮೇಲೆ ಹಾರಿದಾಗ ಕಾಣುತ್ತಿತ್ತು, ಕೆಳಗೆ ಬಿದ್ದಾಗ ಕಾಣುತ್ತಿರಲಿಲ್ಲ.

ಹುಟ್ಟಿನಿಂದಲೇ ಅವಳ ಎರಡೂ ಕಾಲುಗಳಲ್ಲಿ ಬಲವಿರಲಿಲ್ಲ. ಓಡಾಟವೆಲ್ಲ ಗಾಲಿಕುರ್ಚಿಯಲ್ಲೇ. ಬಾಯಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಬೇಗ ಮಲಗು ಎಂದರೆ ಯಾಕೆ ಎಂದು ಕೇಳುವಳು, ಕಾರಣ ಹೇಳಿದರೆ ಅದಕ್ಕೆ ಸಾಕ್ಷಿ ಕೇಳುವಳು. ಅಜ್ಜಿ ಅವಳನ್ನು ಲಾಯರಮ್ಮ ಎಂದು ಕರೆದಳು. ಆ ಹೆಸರೇ ನಿಂತುಬಿಟ್ಟಿತು.

ಮುಂದೆ ಅಂಗಡಿ, ಅದರ ಹಿಂದೆ ಒಲೆಯ ಕೋಣೆ, ಅದರ ಹಿಂದೆ ಮನೆ. ಅಪ್ಪ ನಸುಕಿನಲ್ಲೇ ಎದ್ದು ಹಿಟ್ಟು ನಾದಿ ಬ್ರೆಡ್ಡು, ಬನ್ನು ಬೇಯಿಸುತ್ತಿದ್ದ. ಅಮ್ಮ ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಅಂಗಡಿಗೂ ಬೀದಿಗೂ ನಡುವೆ ಒಂದು ಎತ್ತರದ ಮೆಟ್ಟಿಲಿತ್ತು. ಬೆಳಿಗ್ಗೆ ಅಪ್ಪ ಕುರ್ಚಿಯ ಸಮೇತ ಮಗಳನ್ನು ಇಳಿಸಿ ಶಾಲೆಗೆ ತಳ್ಳಿಕೊಂಡು ಹೋಗುತ್ತಿದ್ದ, ಗಂಟೆ ಹೊಡೆದ ಕೂಡಲೇ ತಂದು ಮತ್ತೆ ಮೇಲೆ ಎತ್ತಿಡುತ್ತಿದ್ದ. ಅಲ್ಲಿಗೆ ಅವಳ ದಿನ ಮುಗಿಯಿತು. ಶಾಲೆಯವರು ಪ್ರವಾಸ ಹೊರಟರೆ ಅವಳು ಹೋಗುತ್ತಿರಲಿಲ್ಲ. ಯಾರದಾದರೂ ಹುಟ್ಟುಹಬ್ಬವಿದ್ದರೆ ಅಪ್ಪ ಕೇಕ್ ಮಾಡಿ ಕಳಿಸುತ್ತಿದ್ದ, ಮಗಳನ್ನು ಕಳಿಸುತ್ತಿರಲಿಲ್ಲ.

ಬ್ರೆಡ್ಡು ಕೊಳ್ಳಲು ಬಂದವರು ಯಾರಾದರೂ, "ಏನಮ್ಮಾ, ಆಟಕ್ಕೆ ಹೋಗಲಿಲ್ವಾ?" ಎಂದು ಕೇಳಿದರೆ ಲಾಯರಮ್ಮ ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಾಗಿರುತ್ತಿತ್ತು. "ಪಾಪ, ಅವಳಿಗೆ ಆಗಲ್ಲ." ನಿನಗೆ ಯಾವ ಬಿಸ್ಕತ್ತು ಇಷ್ಟ ಎಂದರೂ ಅಮ್ಮನೇ ಹೇಳುವಳು. ಅಷ್ಟು ಮಾತಿನ ಹುಡುಗಿ ಹೊರಗಿನವರ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದಳು.

ಅವರು ಕೆಟ್ಟ ತಂದೆತಾಯಿ ಅಂತ ಯಾರೂ ಹೇಳುವಂತಿರಲಿಲ್ಲ. ಮಗಳೆಂದರೆ ಇಬ್ಬರಿಗೂ ಪ್ರಾಣ. ಅಮ್ಮ ದಿನವೂ ಕಾಲು ನೀವುತ್ತಿದ್ದಳು, ಹೇಳಿಕೊಟ್ಟ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹೊರಗೆ ಬಿಟ್ಟರೆ ಬೀಳುತ್ತಾಳೆ, ಯಾರಾದರೂ ನಗುತ್ತಾರೆ, ಮಗು ನೊಂದುಕೊಳ್ಳುತ್ತದೆ ಎನ್ನುವ ಭಯ ಅವರದು. ಮನೆಯೊಳಗಿದ್ದರೆ ಕ್ಷೇಮ ಎಂದು ಅವರು ತಿಳಿದಿದ್ದರು.

ಆಸ್ಪತ್ರೆಯಿಂದ ವಾರಕ್ಕೊಮ್ಮೆ ಫಿಸಿಯೋಥೆರಪಿಯವರು ಮನೆಗೆ ಬರುತ್ತಿದ್ದರು. ಅಜ್ಜಿಗೆ ಆ ಹೆಸರು ನಾಲಿಗೆಗೆ ಹೊರಳದೆ ವ್ಯಾಯಾಮದ ಮೇಡಂ ಎನ್ನುತ್ತಿದ್ದಳು. ಒಂದು ದಿನ ಕಾಲು ಮಡಿಸಿ ಬಿಡಿಸುವ ವ್ಯಾಯಾಮ ಮುಗಿದ ಮೇಲೆ ಮೇಡಂ ಕೈ ತೊಳೆದುಕೊಂಡು ಬಂದು ಲಾಯರಮ್ಮನ ಎದುರಿಗೆ ಕೂತರು. ನಿನ್ನ ಸ್ನೇಹಿತರು ಯಾರು ಯಾರು ಎಂದು ಕೇಳಿದರು.

"ನಾವೇ ಎಲ್ಲ ಅವಳಿಗೆ ಸ್ನೇಹಿತರು," ಎಂದಳು ಅಮ್ಮ.

"ಅವಳನ್ನ ಕೇಳಿದೆ ನಾನು," ಎಂದರು ಮೇಡಂ, ನಗುತ್ತಲೇ.

ಲಾಯರಮ್ಮ ಎಣಿಸಲು ಒಂದು ಬೆರಳು ಮಡಿಸಿದಳು. ಆಮೇಲೆ, "ಬ್ರೆಡ್ ತಗೊಳ್ಳೋಕೆ ಬರೋ ತಾತ ಒಬ್ರು ಇದ್ದಾರೆ," ಎಂದಳು.

ಅಮ್ಮನ ಮುಖ ಸಪ್ಪಗಾಯಿತು. ಮೇಡಂ ಅಪ್ಪನನ್ನೂ ಕರೆಸಿದರು. ಅವನು ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತ. ಮೇಡಂ ಹೇಳಿದ್ದು ಇಷ್ಟು: ಕಾಲಿಗೆ ವ್ಯಾಯಾಮ ಬೇಕು, ಅದನ್ನು ನೀವು ಚೆನ್ನಾಗಿ ಮಾಡಿಸುತ್ತಿದ್ದೀರಿ. ಆದರೆ ಜನರ ಜೊತೆ ಬದುಕುವುದಕ್ಕೂ ಅಭ್ಯಾಸ ಬೇಕು. ಮಾತಾಡುವುದು, ಜಗಳ ಆಡುವುದು, ರಾಜಿಯಾಗುವುದು, ಬೇಕು ಬೇಡ ಎಂದು ಹೇಳುವುದು, ಇದನ್ನೆಲ್ಲ ಮಕ್ಕಳು ಬೇರೆ ಮಕ್ಕಳಿಂದಲೇ ಕಲಿಯಬೇಕು. ನಾಳೆ ದೊಡ್ಡವಳಾದ ಮೇಲೆ ಒಮ್ಮೆಲೇ ಬರುವ ವಿದ್ಯೆಯಲ್ಲ ಅದು.

ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಬೀದಿಯ ಮಕ್ಕಳು ಹೇಗಿರುತ್ತಾರೆ ಅಂತ ನಿಮಗೆ ಗೊತ್ತಿಲ್ಲ ಮೇಡಂ, ಎಂದ. ಇವಳು ಕುರ್ಚಿಯಲ್ಲಿ ಕೂತು ಏನು ಆಡುವುದು, ಯಾರಾದರೂ ಏನಾದರೂ ಅಂದರೆ ಗತಿಯೇನು, ಎಂದು ಕೇಳಿದ.

"ಅನ್ನಬಹುದು," ಎಂದರು ಮೇಡಂ. "ಅನ್ನಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಆದ್ರೆ ವಾಪಸ್ ಅನ್ನೋದಕ್ಕೆ ನಿಮ್ಮ ಮಗಳಿಗೆ ಬಾಯಿದೆಯಲ್ಲ. ಅವಳಿಗೆ ಆಸೆ ಇದೆಯೋ ಇಲ್ಲವೋ, ಅದನ್ನ ಮೊದಲು ಕೇಳಿ."

ಕೇಳುವ ಅಗತ್ಯವೇ ಬರಲಿಲ್ಲ. ಲಾಯರಮ್ಮ ಆಗಲೇ ಬೀದಿಯ ಕಡೆ ತಿರುಗಿದ್ದಳು.

ಅಪ್ಪ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದ. ಮರುದಿನ ಶಾಲೆ ಬಿಡುವ ಮೊದಲೇ ಒಂದು ತಟ್ಟೆ ಬಿಸಿ ಬನ್ನು ತೆಗೆದಿಟ್ಟುಕೊಂಡ. ಮಗಳನ್ನು ಮನೆಗೆ ಬಿಟ್ಟು, ಹಿಂದಿನ ಬಾಗಿಲಿಗೆ ಬೀದಿಯ ಮಕ್ಕಳನ್ನು ಕರೆದ. ಅವರಿಗೆಲ್ಲ ದೊಡ್ಡವಳು ಒಬ್ಬ ಹುಡುಗಿ, ನೆತ್ತಿಯ ಮೇಲೆ ಜುಟ್ಟು ಕಟ್ಟಿಕೊಳ್ಳುತ್ತಿದ್ದಳು. ಅವಳನ್ನು ಎಲ್ಲರೂ ಜುಟ್ಟಕ್ಕ ಎನ್ನುತ್ತಿದ್ದರು. ಅಪ್ಪ ಅವಳ ಕೈಗೆ ಬನ್ನಿನ ತಟ್ಟೆ ಕೊಟ್ಟು, ನನ್ನ ಮಗಳನ್ನೂ ಆಟಕ್ಕೆ ಸೇರಿಸಿಕೊಳ್ಳಿ, ಆದರೆ ಅವಳನ್ನು ಔಟ್ ಮಾಡಬೇಡಿ, ಬೇಜಾರು ಮಾಡಬೇಡಿ, ಎಂದ. ದಿನವೂ ಬನ್ನು ಸಿಗುತ್ತದೆ ಎಂದೂ ಹೇಳಿದ. ಮಕ್ಕಳು ಬನ್ನು ತಿಂದು ಹೂಂ ಎಂದರು.

ಅವರು ಆಡುತ್ತಿದ್ದದ್ದು ಚೆಂಡಾಟ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ರಬ್ಬರಿನ ಮೆತ್ತನೆಯ ಚೆಂಡು ಎಸೆಯುತ್ತಾರೆ. ನಡುವೆ ಇರುವವರು ತಪ್ಪಿಸಿಕೊಳ್ಳಬೇಕು. ಚೆಂಡು ಮೈಗೆ ತಾಗಿದರೆ ಔಟ್. ಕೊನೆಯವರೆಗೆ ಉಳಿದವರು ಗೆದ್ದ ಹಾಗೆ. ಅಪ್ಪ ಮಗಳನ್ನು ಮೆಟ್ಟಿಲಿಳಿಸಿ ನಡುವೆ ಬಿಟ್ಟು ಬಂದ.

ಅವತ್ತು ಲಾಯರಮ್ಮ ಗೆದ್ದಳು. ಊಟಕ್ಕೆ ಕೂತಾಗ ಅಜ್ಜಿಗೆ ಒಂದು ತುತ್ತು ನುಂಗಲೂ ಬಿಡದೆ ಕಥೆ ಹೇಳಿದಳು. ಮರುದಿನವೂ ಗೆದ್ದಳು. ಅದರ ಮರುದಿನವೂ. ಅಪ್ಪನ ಎದೆ ಒಲೆಯಲ್ಲಿಟ್ಟ ಹಿಟ್ಟಿನ ಹಾಗೆ ಉಬ್ಬಿತು. ಮೇಡಂ ಹೇಳಿದ್ದು ಸರಿಯೇ, ಆದರೆ ನಾನು ಮಾಡಿದ್ದು ಇನ್ನೂ ಸರಿ ಎಂದುಕೊಂಡ.

ಲಾಯರಮ್ಮ ಮಾತ್ರ ಕ್ರಮೇಣ ಕಥೆ ಹೇಳುವುದನ್ನು ಕಡಿಮೆ ಮಾಡಿದಳು. ಚೆಂಡು ಅವಳ ತಲೆಯ ಮೇಲಿಂದಲೇ ಯಾಕೆ ಹೋಗುತ್ತದೆ? ಜುಟ್ಟಕ್ಕ ಬೇರೆಯವರಿಗೆ ಗುರಿಯಿಟ್ಟು ಹೊಡೆಯುತ್ತಾಳೆ, ಇವಳು ಎದುರಿಗೆ ಸಿಕ್ಕಾಗ ಗೋಡೆಗೆ ಎಸೆಯುತ್ತಾಳೆ, ಯಾಕೆ? ಅವಳಿಗೆ ಅನುಮಾನ ಹುಟ್ಟಿತು.

ಒಂದು ದಿನ ಬೇಕರಿಯಲ್ಲಿ ಹಿಟ್ಟು ಉಬ್ಬಲಿಲ್ಲ. ಬನ್ನು ಆಗಲಿಲ್ಲ. ಮಕ್ಕಳು ಆಟಕ್ಕೆ ನಿಂತಿದ್ದರು. ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿಯ ಕೈಗೆ ಚೆಂಡು ಬಂತು. ಅವಳು ಎಸೆಯುವ ಮೊದಲು ತಿರುಗಿ ಎಲ್ಲರಿಗೂ ಕೇಳುವಂತೆ, "ಜುಟ್ಟಕ್ಕಾ, ಇವತ್ತು ಬನ್ ಕೊಡಲಿಲ್ಲವಲ್ಲ, ಲಾಯರಮ್ಮಂಗೆ ಹೊಡೀಬಹುದಾ?" ಎಂದು ಕೇಳಿದಳು.

ಜುಟ್ಟಕ್ಕ ನೆಲ ನೋಡಿದಳು. ಲಾಯರಮ್ಮ ಕುರ್ಚಿ ತಿರುಗಿಸಿಕೊಂಡು ಅಂಗಡಿಯ ಮೆಟ್ಟಿಲಿನವರೆಗೆ ಬಂದಳು. ಮೆಟ್ಟಿಲು ಹತ್ತಲು ಅವಳಿಂದಾಗದು. ಅಮ್ಮ ನೋಡಿ ಬಂದು ಕುರ್ಚಿಯ ಸಮೇತ ಎತ್ತಿಡುವವರೆಗೂ ಬೀದಿಗೆ ಬೆನ್ನು ಹಾಕಿಕೊಂಡು ಅಲ್ಲೇ ಇದ್ದಳು.

ಒಳಗೆ ಬಂದವಳು ಸೀದಾ ಒಲೆಯ ಕೋಣೆಗೆ ಹೋದಳು. ಅಪ್ಪ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ.

"ಅಪ್ಪ, ಒಂದೇ ಪ್ರಶ್ನೆ. ಹೌದು ಇಲ್ಲ ಅಂದ್ರೆ ಸಾಕು. ನನ್ನ ಔಟ್ ಮಾಡಬೇಡಿ ಅಂತ ಅವರಿಗೆ ನೀನು ಬನ್ ಕೊಟ್ಯಾ?"

"ಅದು ಹಾಗಲ್ಲ ಪುಟ್ಟಾ..."

"ಹೌದಾ, ಇಲ್ವಾ?"

"ಹೌದು," ಎಂದ ಅಪ್ಪ. "ನಿಂಗೆ ಬೇಜಾರಾಗಬಾರದು ಅಂತ."

"ಅವರು ನನ್ನ ಜೊತೆ ಆಡ್ತಾ ಇರಲಿಲ್ಲ ಅಪ್ಪ. ಕೆಲಸ ಮಾಡ್ತಾ ಇದ್ರು."

ಅಳಲಿಲ್ಲ. ಅತ್ತಿದ್ದರೆ ಅಪ್ಪನಿಗೆ ಸಮಾಧಾನ ಮಾಡುವುದಾದರೂ ಗೊತ್ತಿತ್ತು. ಅವಳು ಕುರ್ಚಿ ತಿರುಗಿಸಿಕೊಂಡು ಹೊರಟುಹೋದಳು. ಅಪ್ಪ ಎಣ್ಣೆಯ ಬಟ್ಟೆ ಹಿಡಿದುಕೊಂಡು ಹಾಗೇ ನಿಂತ. ಅವತ್ತಿನ ಬಿಸ್ಕತ್ತು ಕರಟಿಹೋಯಿತು.

ಮುಂದಿನ ಸಲ ವ್ಯಾಯಾಮದ ಮೇಡಂ ಬರುವವರೆಗೂ ಲಾಯರಮ್ಮ ಬೀದಿಗಿಳಿಯಲಿಲ್ಲ. ಅಪ್ಪ ತಾನಾಗಿಯೇ ನಡೆದದ್ದನ್ನೆಲ್ಲ ಮೇಡಂಗೆ ಹೇಳಿದ. ಬೈಯುತ್ತಾರೆ ಎಂದುಕೊಂಡಿದ್ದ. ಮೇಡಂ ಬೈಯಲಿಲ್ಲ. ತಮ್ಮ ಮಕ್ಕಳಿಗೆ ನೋವಾಗದಿರಲಿ ಎಂದು ಎಷ್ಟೋ ತಂದೆತಾಯಿ ಹೀಗೇ ಏನಾದರೊಂದು ಮಾಡುತ್ತಾರೆ, ಎಂದರು. ಕೆಲವರು ಮಗುವನ್ನು ಮನೆಯಲ್ಲಿಡುತ್ತಾರೆ, ಕೆಲವರು ಆಟದ ಬದಿಯಲ್ಲಿ ಅಂಕ ಹೇಳಲು ಕೂರಿಸುತ್ತಾರೆ, ಕೆಲವರು ಯಾವಾಗಲೂ ಗೆಲ್ಲಿಸುತ್ತಾರೆ. ಮೂರರಲ್ಲೂ ಮಗು ಆಟದ ಹೊರಗೇ ಇರುತ್ತದೆ.

"ಮತ್ತೆ ನಾನು ಏನು ಮಾಡಲಿ, ಕೈಕಟ್ಟಿಕೊಂಡು ಕೂರಲಾ?" ಎಂದ ಅಪ್ಪ.

"ಕೈಕಟ್ಟಿ ಯಾಕೆ ಕೂರ್ತೀರಿ? ಕೆಲಸ ಬೇಕಾದಷ್ಟಿದೆ," ಎಂದು ಮೇಡಂ ಅಂಗಡಿಯ ಮುಂದಿನ ಮೆಟ್ಟಿಲು ತೋರಿಸಿದರು. "ಅವಳಿಗೆ ಅಡ್ಡ ಬರ್ತಿರೋದು ಕಾಲಿಗಿಂತ ಹೆಚ್ಚಾಗಿ ಇದು. ಇದನ್ನ ಸರಿಮಾಡಿ. ಆಟ ಮಕ್ಕಳಿಗೆ ಬಿಡಿ."

ಆ ವಾರವೇ ಅಪ್ಪ ಗಾರೆಯವನನ್ನು ಕರೆಸಿ ಮೆಟ್ಟಿಲಿನ ಒಂದು ಬದಿಗೆ ಇಳಿಜಾರು ಕಟ್ಟಿಸಿದ. ಮೇಡಂ ಹೇಳಿದಂತೆ ಉದ್ದಕ್ಕೆ, ನಿಧಾನವಾಗಿ ಇಳಿಯುವ ಹಾಗೆ. ಬೀದಿಯಲ್ಲಿ ಚರಂಡಿಯ ಮೇಲಿನ ಚಪ್ಪಡಿ ಒಡೆದು ಕುರ್ಚಿಯ ಗಾಲಿ ಸಿಕ್ಕಿಕೊಳ್ಳುತ್ತಿತ್ತು. ನೆರೆಯವರ ಜೊತೆ ಸೇರಿ ಅದನ್ನೂ ಬದಲಾಯಿಸಿದ. ಗಾರೆ ಒಣಗಿದ ದಿನ ಲಾಯರಮ್ಮ ಯಾರ ಕೈಯನ್ನೂ ಹಿಡಿಯದೆ ಅಂಗಡಿಯಿಂದ ಬೀದಿಗಿಳಿದಳು, ಹತ್ತಿದಳು, ಮತ್ತೆ ಇಳಿದಳು. ಅಜ್ಜಿಗೆ ನೋಡಿ ನೋಡಿ ತಲೆ ಸುತ್ತಿತು. ಕೊನೆಗೆ ಅಜ್ಜಿಯೂ ಮೆಟ್ಟಿಲು ಬಿಟ್ಟು ಅದರಲ್ಲೇ ಓಡಾಡತೊಡಗಿದಳು. ತನ್ನ ಮೊಣಕಾಲಿನ ಮೇಲೆ ಮಗನಿಗೆ ಇಷ್ಟು ವರ್ಷ ಕರುಣೆ ಬಂದಿರಲಿಲ್ಲ ಎಂದು ಸೊಸೆಯ ಹತ್ತಿರ ಹೇಳಿದಳು.

ಆದರೂ ಆಟಕ್ಕೆ ಹೋಗಲು ಲಾಯರಮ್ಮನಿಗೆ ಮನಸ್ಸಿರಲಿಲ್ಲ. ಒಂದು ಸಂಜೆ ಜುಟ್ಟಕ್ಕ ಅಂಗಡಿಗೆ ಬಂದಳು. ಏನು ಬೇಕಮ್ಮ ಎಂದು ಅಮ್ಮ ಕೇಳಿದಳು. ಏನೂ ಬೇಡ, ಇವಳ ಹತ್ತಿರ ಮಾತಾಡಬೇಕು, ಎಂದಳು ಜುಟ್ಟಕ್ಕ. ಆಟಕ್ಕೆ ಬರ್ತೀಯಾ ಎಂದು ಕೇಳಿದಳು. ಅಮ್ಮ ರೂಢಿಯಂತೆ ಬಾಯಿ ತೆರೆದಳು. ಅರ್ಧಕ್ಕೇ ಮುಚ್ಚಿಕೊಂಡು ಕಪಾಟಿನ ಗಾಜು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಒರೆಸಿದಳು.

"ಬನ್ ಕೊಟ್ರಾ?" ಎಂದಳು ಲಾಯರಮ್ಮ.

"ಇಲ್ಲ. ನಮಗೂ ಮಜಾ ಬರ್ತಿರಲಿಲ್ಲ ಕಣೇ," ಎಂದಳು ಜುಟ್ಟಕ್ಕ. "ಈ ಸಲ ಬಿಡಲ್ಲ ನೋಡು. ಹೊಡೀತೀನಿ."

"ನನ್ನನ್ನೂ ಔಟ್ ಮಾಡೋದಾದ್ರೆ ಬರ್ತೀನಿ," ಎಂದಳು ಲಾಯರಮ್ಮ.

ಇಬ್ಬರೂ ಇಳಿಜಾರಿನ ಪಕ್ಕದಲ್ಲೇ ಕೂತು ಹೊಸ ನಿಯಮ ಮಾಡಿದರು. ಉಳಿದ ಮಕ್ಕಳೂ ಬಂದು ಸೇರಿದರು. ಚೆಂಡು ಗಾಲಿಗೆ ತಾಗಿದರೆ ಔಟಲ್ಲ, ಮೈಗೆ ತಾಗಿದರೆ ಮಾತ್ರ ಔಟ್ ಎಂದು ಲಾಯರಮ್ಮ ವಾದಿಸಿದಳು. ಹಾಗಾದರೆ ನೀನು ಗೋಡೆಯ ಮೂಲೆಗೆ ಹೋಗಿ ಕುರ್ಚಿ ಅಡ್ಡ ಇಟ್ಟುಕೊಂಡು ಕೂರುವಂತಿಲ್ಲ ಎಂದು ಜುಟ್ಟಕ್ಕ ಪಟ್ಟು ಹಿಡಿದಳು. ಎರಡೂ ಪಾಸಾದವು. ಕೇಳದೆ ಯಾರೂ ಕುರ್ಚಿ ತಳ್ಳಬಾರದು ಎನ್ನುವುದನ್ನು ಲಾಯರಮ್ಮ ಸೇರಿಸಿದಳು. ಕುರ್ಚಿಯ ಬ್ರೇಕ್ ಹಾಕುವುದು ಹೇಗೆ, ತೆಗೆಯುವುದು ಹೇಗೆ, ಅವಳು ಬಿದ್ದರೆ ಎಲ್ಲಿ ಹಿಡಿದು ಎತ್ತಬೇಕು, ಎಲ್ಲಿ ಹಿಡಿಯಬಾರದು ಎಂದು ಅಮ್ಮ ಮಕ್ಕಳಿಗೆ ತೋರಿಸಿಕೊಟ್ಟಳು. ಅಷ್ಟು ತೋರಿಸಿ ಒಳಗೆ ಬಂದಳು.

ಆಟ ಶುರುವಾಯಿತು. ಜುಟ್ಟಕ್ಕ ಎಸೆದ ಚೆಂಡು ಲಾಯರಮ್ಮನ ಕೈಗೆ ಫಟ್ಟನೆ ಬಡಿಯಿತು. ಅಪ್ಪ ಬ್ರೆಡ್ಡು ಕತ್ತರಿಸುತ್ತಿದ್ದವನು ಚಾಕು ಕೆಳಗಿಟ್ಟು ಎರಡು ಹೆಜ್ಜೆ ಓಡಿದ.

"ರೀ, ನಿಲ್ಲಿ," ಎಂದಳು ಅಮ್ಮ.

ಬೀದಿಯಲ್ಲಿ ಜೋರು ಜಗಳ ಹತ್ತಿತ್ತು. ಅದು ಗಾಲಿಗೆ ತಾಗಿ ಮೇಲೆ ಪುಟಿದದ್ದು ಎಂದು ಲಾಯರಮ್ಮ, ಮೊದಲು ಮೊಣಕೈಗೇ ತಾಗಿದ್ದು ಎಂದು ಜುಟ್ಟಕ್ಕ. ಸಾಕ್ಷಿ ಯಾರು ಎಂದು ಕೇಳಿದರೆ ಹಲ್ಲು ಬಿದ್ದ ಪುಟ್ಟ ಹುಡುಗಿ ಮುಂದೆ ಬಂದು ಮೊಣಕೈಗೇ ಎಂದಳು. ಲಾಯರಮ್ಮ ಔಟಾದಳು. ಮುಖ ಊದಿಸಿಕೊಂಡು ಬದಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಅಲ್ಲಿಂದಲೇ ಬೇರೆಯವರ ಔಟಿಗೂ ತಕರಾರು ತೆಗೆಯುತ್ತಿದ್ದದ್ದು ಅಂಗಡಿಯೊಳಗೆ ಕೇಳಿಸಿತು.

ಅವತ್ತು ಊಟದ ಹೊತ್ತಿನಲ್ಲಿ ಜುಟ್ಟಕ್ಕನ ಮೋಸದ ಬಗ್ಗೆ ಮಾತೋ ಮಾತು. ಮನೆಯವರು ಮೂವರೂ ಬಾಯಿ ಮುಚ್ಚಿಕೊಂಡು ಕೇಳಿದರು. ಹಾಗಾದರೆ ನಾಳೆ ಹೋಗುವುದಿಲ್ಲವೇನು ಎಂದು ಅಜ್ಜಿ ಮೆಲ್ಲಗೆ ಕೇಳಿದಳು. ಯಾಕೆ ಹೋಗಬಾರದು, ನಾಳೆ ಎಸೆಯುವ ಸರದಿ ನನ್ನದು, ಎಂದಳು ಲಾಯರಮ್ಮ.

ಇದಾದ ಮೇಲೆ ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. ಒಂದು ದಿನ ವೇಗವಾಗಿ ತಿರುಗಲು ಹೋಗಿ ಕುರ್ಚಿ ವಾಲಿ ಅವಳು ಬಿದ್ದಳು. ಮಕ್ಕಳು ಗಾಬರಿಯಾದರೂ ಕಲಿತದ್ದನ್ನು ಮರೆಯಲಿಲ್ಲ. ಒಬ್ಬರು ಕುರ್ಚಿ ನಿಲ್ಲಿಸಿ ಬ್ರೇಕ್ ಹಾಕಿದರು, ಇಬ್ಬರು ಹಿಡಿದು ಎತ್ತಿದರು, ಒಬ್ಬರು ಅಮ್ಮನನ್ನು ಕರೆದರು. ಗಲ್ಲ ತರಚಿ ರಕ್ತ ಬಂದಿತ್ತು. ಅಪ್ಪ ಓಡಿ ಬಂದ. ಇನ್ನು ಆಟವೂ ಬೇಡ ಏನೂ ಬೇಡ, ನಾನು ಮೊದಲೇ ಹೇಳಿದ್ದೆ, ಎಂದು ಕೂಗಾಡಿದ. ಅಮ್ಮ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದಳು.

ಅಜ್ಜಿ ಮಗನನ್ನು ಹತ್ತಿರ ಕರೆದು ಅವನ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಮುಟ್ಟಿದಳು. "ಇದು ಗೋಡೆ ಹಾರಿದಾಗ ಆಗಿದ್ದು," ಎಂದಳು. "ನಿನ್ನನ್ನ ನಾನು ಮನೇಲಿ ಕಟ್ಟಿಹಾಕಿದ್ನೇನೋ? ಗಾಯ ಮಾಯೋಕೂ ಬಿಡದೆ ಮಾರನೇ ದಿನ ಅದೇ ಗೋಡೆ ಹತ್ತಿದ್ದೆ."

ಅಪ್ಪ ಕೂಗಾಟ ನಿಲ್ಲಿಸಿದ. ಮೇಡಂ ಬಂದಾಗ ಕುರ್ಚಿ ವಾಲದ ಹಾಗೆ ಏನಾದರೂ ಮಾಡಬಹುದೇ ಎಂದಷ್ಟೇ ಕೇಳಿದ. ಹಿಂದೆ ಎರಡು ಪುಟ್ಟ ಗಾಲಿ ಹಾಕಿಸಬಹುದು, ಸೊಂಟಕ್ಕೆ ಪಟ್ಟಿ ಕಟ್ಟಬಹುದು ಎಂದರು ಮೇಡಂ. ಹಾಕಿಸಿದ. ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡೇ ಮಗಳು ಆಟಕ್ಕೆ ಹೋದಳು.

ಸ್ವಲ್ಪ ದಿನಗಳಾದ ಮೇಲೆ ಜುಟ್ಟಕ್ಕನ ಹುಟ್ಟುಹಬ್ಬ ಬಂತು. ಅವಳ ಮನೆ ಬೀದಿಯ ಕೊನೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಜುಟ್ಟಕ್ಕನ ಅಮ್ಮ ತಾವೇ ಬೇಕರಿಗೆ ಬಂದು ಲಾಯರಮ್ಮನನ್ನು ಕರೆದರು. ಮೆಟ್ಟಿಲಿದೆ, ಹೇಗೆ ಮಾಡೋಣ ಎಂದು ಅವಳನ್ನೇ ಕೇಳಿದರು. ಅಪ್ಪ ಎತ್ತಿಕೊಂಡು ಬರಲಿ, ಕುರ್ಚಿ ಮಡಿಸಬಹುದು, ಬಚ್ಚಲುಮನೆಗೆ ಹೋಗಬೇಕಾದರೆ ಅಮ್ಮನಿಗೆ ಫೋನು ಮಾಡಿ, ಎಂದು ಲಾಯರಮ್ಮ ವ್ಯವಸ್ಥೆ ಹೇಳಿದಳು. ಅಮ್ಮ ಪಕ್ಕದಲ್ಲೇ ಇದ್ದಳು, ಒಂದು ಮಾತೂ ಸೇರಿಸಲಿಲ್ಲ.

ಅಪ್ಪ ಮಗಳನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿದ. ಮಡಿಸಿದ ಕುರ್ಚಿಯನ್ನೂ ಮೇಲೆ ತಂದು ಬಿಡಿಸಿ ಕೂರಿಸಿದ. ಅಂಗಿಯ ಕಾಲರು ಸರಿಮಾಡಿದ. ಕಾಲು ಸರಿಯಾಗಿ ಇಟ್ಟ. ಬ್ರೇಕ್ ನೋಡಿದ. ಮತ್ತೊಮ್ಮೆ ನೋಡಿದ. ಬಾಗಿಲ ಬಳಿ ಒಂದು ಖಾಲಿ ಕುರ್ಚಿ ಇತ್ತು. ಅಲ್ಲೇ ಕೂರುತ್ತೇನೆ ಎಂದ.

ಮಗಳು ಅವನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ, "ಬೇರೆ ಯಾರ ಅಪ್ಪನೂ ಕೂತಿಲ್ಲ. ನೀನು ಹೋಗಪ್ಪ," ಎಂದಳು.

ಅಪ್ಪ ಹೋದ. ಅಂಗಡಿಯಲ್ಲಿ ಅವತ್ತು ಚಿಲ್ಲರೆ ತಪ್ಪು ತಪ್ಪು ಕೊಟ್ಟ. ಎರಡು ಸಲ ಆ ಕಟ್ಟಡದ ಕೆಳಗಿನವರೆಗೆ ಹೋಗಿ, ಮೇಲಿನ ಗದ್ದಲ ಕೇಳಿ, ವಾಪಸ್ ಬಂದ. ಹೇಳಿದ ಸಮಯಕ್ಕೆ ಮಹಡಿ ಹತ್ತಿ ಬಾಗಿಲಲ್ಲಿ ನಿಂತಾಗ ಮಗಳು ನಾಲ್ಕಾರು ಹುಡುಗಿಯರ ನಡುವೆ ಯಾವುದೋ ವಾದದಲ್ಲಿ ಮುಳುಗಿದ್ದಳು. ಅಪ್ಪನನ್ನು ನೋಡಿ ಕೈ ಎತ್ತಿ, ಇನ್ನೂ ಸ್ವಲ್ಪ ಹೊತ್ತು ಎಂದು ಸನ್ನೆ ಮಾಡಿ ಆ ಕಡೆ ತಿರುಗಿಬಿಟ್ಟಳು.

ಅಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಅಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದರು. ಹಲ್ಲು ಬಿದ್ದ ಪುಟ್ಟ ಹುಡುಗಿಯ ಅಪ್ಪ.

"ನಿಮ್ಮವಳೂ ಬರಲ್ಲ ಅಂದ್ಲಾ?" ಎಂದು ಕೇಳಿದರು ಅವರು.

"ಸ್ವಲ್ಪ ಹೊತ್ತು ಅಂದ್ಲು," ಎಂದ ಬೇಕರಿಯವನು.

"ನನ್ನವಳು ಇದನ್ನೇ ಹೇಳಿ ಆಗಲೇ ಬಹಳ ಹೊತ್ತಾಯ್ತು," ಎಂದು ಅವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಇಬ್ಬರೂ ಗೋಡೆಗೆ ಒರಗಿ ಮಕ್ಕಳ ದಾರಿ ಕಾಯುತ್ತಾ ಕೂತರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಕೈಯಲ್ಲೋ ಕಾಲಿನಲ್ಲೋ ಬಲವಿಲ್ಲದ ಮಗು ಇದ್ದರೆ ಇವತ್ತು ಅದಕ್ಕೆ ಊಟ ಬಡಿಸುವಾಗ ಒಂದು ಮಾತು ಕೇಳಿ: ಇವತ್ತು ಯಾರ ಜೊತೆ ಆಡಿದೆ? ಉತ್ತರ ಬರುವವರೆಗೆ ನೀವು ಬಾಯಿ ತೆರೆಯಬೇಡಿ. ಯಾರ ಜೊತೆಯೂ ಇಲ್ಲ ಎಂದರೆ ನಿಮ್ಮ ಹೊಸಿಲು ನೋಡಿ, ಬೀದಿ ನೋಡಿ, ಮಗುವಿಗೆ ಅಡ್ಡ ಬರುತ್ತಿರುವುದು ಏನೆಂದು ನೋಡಿ. ಮೆಟ್ಟಿಲಿದ್ದರೆ ಹಲಗೆಯೊಂದನ್ನಾದರೂ ಭದ್ರವಾಗಿ ಹಾಕಿ. ಜೊತೆಯ ಮಕ್ಕಳಿಗೆ ತಿಳಿಯಬೇಕಾದದ್ದನ್ನು ಹೇಳಿಕೊಡಿ. ಏನೂ ತೋಚದಿದ್ದರೆ ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನೋ ಶಾಲೆಯವರನ್ನೋ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಅಂಥ ಮಗು ನಿಮ್ಮ ನೆರೆಯಲ್ಲಿದ್ದರೆ, ಮುಂದಿನ ಸಲ ಮಕ್ಕಳನ್ನು ಮನೆಗೆ ಕರೆಯುವಾಗ ಅದನ್ನೂ ಕರೆಯಿರಿ, ಹೇಗೆ ಬರುತ್ತೀ ಎಂದು ಮಗುವನ್ನೇ ಕೇಳಿ.

ಆಮೇಲೆ ಆಟದಲ್ಲಿ ಅದು ಗೆಲ್ಲಲಿ, ಸೋಲಲಿ, ಜಗಳವಾಡಿಕೊಂಡು ಮನೆಗೆ ಬರಲಿ. ನೀವು ಬಾಗಿಲು ತೆರೆದಿಟ್ಟುಕೊಂಡಿರಿ.